ಬಾಯಿಪಾಠದ ಬೆಟ್ಟ

ಫೆಬ್ರವರಿ 9

ನನ್ನ ಅರ್ಧ ಡಾಕ್ಟರಮ್ಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಮೂರು ವರ್ಷದ ಹಿಂದೆ ನಾನು ಕಾರು ಪಲ್ಟಿ ಹೊಡೆಸಿದಾಗಿನಿಂದ ಈ ಮನೆಯಲ್ಲಿ ಬೆಟ್ಟ ಹತ್ತುವ ರೇಸಿನ ಸುದ್ದಿ ಎತ್ತುವಂತಿಲ್ಲ, ನಿನಗೇ ಗೊತ್ತು. ರೇಸಿನ ದಿನ ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ "ಅಂಗಡಿಗೆ ಹೋಗಿದ್ದಾರೆ" ಅನ್ನುತ್ತಾಳೆ. ವಾಪಸು ಬಂದರೆ ಊಟ ಬಡಿಸುತ್ತಾಳೆ, ಮುಖ ಮಾತ್ರ ನೋಡುವುದಿಲ್ಲ. ಆದ್ದರಿಂದ ನಮ್ಮ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಕೂತು, ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನೀನೂ ಉತ್ತರವನ್ನು ಅಂಗಡಿಯ ವಿಳಾಸಕ್ಕೇ ಹಾಕು.

ಸುದ್ದಿ ಏನೆಂದರೆ, ಮುದುಕಿಯಿಂದ ಇನ್ನೂ ಹದಿನೇಳು ಕಿಲೋ ಇಳಿಸಿದ್ದೇನೆ. ಮುದುಕಿ ಎಂದರೆ ಕಾರು, ನಿನ್ನ ಅಮ್ಮ ಅಲ್ಲ. ಹಿಂದಿನ ಸೀಟು, ನೆಲಕ್ಕೆ ಹಾಸಿದ್ದ ರಗ್ಗು, ಕಿಟಕಿ ಗಾಜು ಇಳಿಸುವ ಹಿಡಿ, ಡಿಕ್ಕಿಯ ಒಳಗಿನ ಹಲಗೆ, ಒಂದೊಂದನ್ನೂ ಬಿಚ್ಚಿ ತಕ್ಕಡಿಗೆ ಹಾಕಿ ತೂಗಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ನೀನು ಹೈಸ್ಕೂಲಿನಲ್ಲಿದ್ದಾಗ ಕೂತ ಐದು ನಿಮಿಷಕ್ಕೆ ಬಾಯಿ ತೆರೆದುಕೊಂಡು ನಿದ್ದೆ ಹೋಗುತ್ತಿದ್ದೆಯಲ್ಲ, ನನ್ನ ಪಕ್ಕದ ಸೀಟು, ಅದು ಒಂದೇ ಒಂಬತ್ತು ಕಿಲೋ ನೂರು ಗ್ರಾಂ. ಬಿಚ್ಚುವಾಗ ಸಂದಿಯಲ್ಲಿ ನಿನ್ನ ಕೂದಲ ಕ್ಲಿಪ್ಪು ಸಿಕ್ಕಿತು. ಎರಡು ಗ್ರಾಂ.

ಬೇಕರಿಯವನು ಹೋದ ವರ್ಷ ನನಗಿಂತ ಒಂದೂವರೆ ಸೆಕೆಂಡ್ ಮೊದಲು ಮೇಲೆ ಮುಟ್ಟಿದ. ಅವನ ಹೊಟ್ಟೆಯೇ ಹದಿನೇಳು ಕಿಲೋ ಇದೆ. ಈ ಸಲ ಏಪ್ರಿಲ್ ರೇಸಿನಲ್ಲಿ ಅವನಿಗೆ ತಕ್ಕ ಉತ್ತರ ಕೊಡುತ್ತೇನೆ. ಹೊಸ ಟೈರು ತಂದಿದ್ದೇನೆ. ಎಷ್ಟಾಯಿತು ಎಂದು ಕೇಳಬೇಡ. ಎರಡು ನಿಮಿಷದ ಓಟಕ್ಕೆ ಆರು ತಿಂಗಳ ದುಡಿಮೆ ಸುರಿಯುವವನಿಗೆ ತಲೆ ಸರಿಯಿಲ್ಲ ಎಂದು ನೀನು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ಅರವತ್ತು ದಾಟಿದವರು ಪ್ರತಿ ರೇಸಿಗೂ ವೈದ್ಯರ ಸರ್ಟಿಫಿಕೇಟ್ ತರಬೇಕು ಎಂದು ಕ್ಲಬ್ಬಿನಲ್ಲಿ ಹೊಸ ನಿಯಮ ಮಾಡಿದ್ದಾರೆ. ನಮ್ಮ ಕ್ಲಬ್ಬಿನ ಡಾಕ್ಟರು ನಿನಗೆ ಗೊತ್ತಲ್ಲ, ಚರ್ಮದ ಡಾಕ್ಟರು. ಎದೆ ನೋಡಿದರು, ಮೊಣಕಾಲು ತಟ್ಟಿದರು, ಕಣ್ಣು ನೋಡಿದರು. ಎರಡೂ ಕಣ್ಣು ಪಾಸ್.

ಇಂತಿ ನಿನ್ನ
ಅಪ್ಪ


ಫೆಬ್ರವರಿ 20

ಅಪ್ಪ,

"ಎರಡೂ ಕಣ್ಣು ಪಾಸ್" ಎಂಬ ಸಾಲನ್ನು ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಐದು ಸಲ ಓದಿದೆ. ಹೊರಗೆ ಒಬ್ಬರು ಹೆಂಗಸು ಫ್ರೇಮ್ ಆರಿಸಿ ಇಟ್ಟುಕೊಂಡು ಕಾಯುತ್ತಿದ್ದರು.

ಡಿಸೆಂಬರಿನಲ್ಲಿ ನೀನು ಇಲ್ಲಿಗೆ ಬಂದಾಗ ಲೋಟದ ಪಕ್ಕಕ್ಕೆ ನೀರು ಸುರಿದೆ. ಅನುಮಾನ ಬಂದು ನಾನೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಎಡಗಣ್ಣಿನ ಹಿಂಬದಿಯಲ್ಲಿ ರಕ್ತನಾಳ ಕಟ್ಟಿಕೊಂಡಿದೆ, ತುಂಬ ತಡವಾಗಿದೆ, ಇನ್ನು ಬೆಳಕು ಕತ್ತಲೆ ಬಿಟ್ಟು ಆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ ಎಂದರು. ಬಲಗಣ್ಣು ಚೆನ್ನಾಗಿದೆ, ಆದರೆ ಅದರಲ್ಲೂ ಹೀಗೆ ಶುರುವಾಗಬಹುದು, ಮಬ್ಬು ಕಂಡ ತಕ್ಷಣ ಬಂದರೆ ಇಂಜೆಕ್ಷನ್ ಕೊಟ್ಟು ಉಳಿಸಬಹುದು ಎಂದೂ ಹೇಳಿದರು. ಇದನ್ನೆಲ್ಲ ಕೇಳಿಸಿಕೊಂಡು ಹೊರಗೆ ಬಂದು ನೀನು ಹೇಳಿದ್ದೇನು? "ತಕ್ಕಡಿ ಮುಳ್ಳು ನೋಡೋವಾಗ ಹೇಗೂ ಒಂದು ಕಣ್ಣು ಮುಚ್ಕೊಂಡೇ ನೋಡ್ತೀನಿ. ಈಗ ಮುಚ್ಚೋ ಕೆಲಸ ಉಳೀತು." ನಾನು ನಕ್ಕೆ. ನಗಬಾರದಿತ್ತು.

ಪಾಸ್ ಆದದ್ದು ಹೇಗೆಂದು ಯೋಚಿಸುತ್ತಾ ಬಸ್ಸಿನಲ್ಲಿ ಕೂತಿದ್ದಾಗ ಹೊಳೆಯಿತು. ಚರ್ಮದ ಡಾಕ್ಟರ ಗೋಡೆಯ ಮೇಲೆ ಇರುವುದು ಅಂಕಿಗಳ ಬೋರ್ಡ್. ನಾನು ಕಲಿಯುವಾಗ ನಮ್ಮ ಅಡುಗೆಮನೆಯ ಬಾಗಿಲಿಗೆ ಎರಡು ವರ್ಷ ಅಂಟಿಸಿದ್ದೂ ಅದೇ ಬೋರ್ಡ್. ದಿನಾ ಸಂಜೆ ನೀನು ಅಂಗಡಿಯಿಂದ ಬಂದ ಕೂಡಲೇ ಹಜಾರದ ಕೊನೆಯ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣಿಗೆ ಸೌಟು ಹಿಡಿಸಿ ಓದಿಸುತ್ತಿದ್ದೆ. ನನ್ನ ಮೊದಲನೆಯ ರೋಗಿ ನೀನೇ. ಕೊನೆಯ ಸಾಲು ಆರು, ಎರಡು, ಒಂಬತ್ತು, ಐದು, ಮೂರು, ಎಂಟು. ಅಮ್ಮ ತರಕಾರಿ ಹೆಚ್ಚುತ್ತಾ ಅದನ್ನು ರಾಗವಾಗಿ ಹಾಡುತ್ತಿದ್ದಳು. ನಲವತ್ತು ವರ್ಷ ಕಿಲೋ, ಗ್ರಾಂ ಎಂದು ಅಂಕಿಗಳ ನಡುವೆಯೇ ಬದುಕಿದ ಮನುಷ್ಯನಿಗೆ ಎಂಟು ಸಾಲು ಬಾಯಿಪಾಠ ಬರದೆ ಇರುತ್ತದೆಯೆ?

ನೀನು ಏನೂ ಕಾಣದ ಕಣ್ಣಿನಿಂದ ಎಂಟು ಸಾಲೂ ಓದಿ ಬಂದಿದ್ದೀಯ. ಓದಲು ಕಲಿಸಿದವಳು ನಾನು.

ದಮ್ಮಯ್ಯ, ಈ ರೇಸು ಬೇಡ ಅಪ್ಪ. ಒಂದು ಕಣ್ಣಿನಲ್ಲಿ ದೂರ ಹತ್ತಿರ ಗೊತ್ತಾಗುವುದಿಲ್ಲ. ಎಡಗಡೆಯಿಂದ ಏನು ಬಂದರೂ ತಿಳಿಯುವುದಿಲ್ಲ. ನನಗೆ ಭಯವಾಗುತ್ತಿದೆ.

ನಿನ್ನ ಮಗಳು


ಮಾರ್ಚ್ 3

ಅರ್ಧ ಡಾಕ್ಟರಮ್ಮ,

ಸಿಕ್ಕಿಬಿದ್ದೆ, ಒಪ್ಪಿಕೊಂಡೆ. ನಿನ್ನ ಮುಂದೆ ಸುಳ್ಳು ಹೇಳಿ ನಾನು ದಕ್ಕಿಸಿಕೊಂಡದ್ದು ಯಾವಾಗ? ಆದರೆ ನನ್ನ ಮಾತನ್ನೂ ಸ್ವಲ್ಪ ಕೇಳು.

ಬೆಟ್ಟ ಎರಡೂಮುಕ್ಕಾಲು ಕಿಲೋಮೀಟರ್, ಹತ್ತೊಂಬತ್ತು ತಿರುವು. ಇಪ್ಪತ್ತಾರು ವರ್ಷದಿಂದ ಹತ್ತುತ್ತಿದ್ದೇನೆ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಎದುರಿಗೆ ಯಾರೂ ಬರುವುದಿಲ್ಲ, ಪಕ್ಕದಲ್ಲಿ ಯಾರೂ ಇರುವುದಿಲ್ಲ, ಬಾವುಟ ಹಿಡಿದವರು ರಸ್ತೆಯ ಆಚೆ ನಿಂತಿರುತ್ತಾರೆ. ನಾನು, ಮುದುಕಿ, ರಸ್ತೆ, ಇಷ್ಟೇ. ಮೂರನೇ ತಿರುವಿನ ಮುಂಚೆ ಒಂದು ಸಣ್ಣ ಉಬ್ಬಿದೆ. ಅಲ್ಲಿ ಕಾರು ಹಗುರವಾಗುತ್ತದೆ, ಆಗ ಬ್ರೇಕ್ ಮುಟ್ಟಿದರೆ ಕೆಟ್ಟೆ. ಸುಮ್ಮನೆ ಕಾಯಬೇಕು. ನಾಲ್ಕು ಚಕ್ರವೂ ನೆಲಕ್ಕೆ ಕೂತದ್ದು ಬೆನ್ನಿಗೆ ಗೊತ್ತಾಗುತ್ತದೆ, ಆಗ ಒತ್ತಬೇಕು. ಏಳರಿಂದ ಒಂಬತ್ತರವರೆಗೆ ಎರಡನೇ ಗೇರು. ಹದಿನಾಲ್ಕರಲ್ಲಿ ಬಂಡೆ ಇಷ್ಟು ಹತ್ತಿರ ಬರುತ್ತದೆ ಎಂದರೆ ಅದರ ಪಾಚಿಯ ವಾಸನೆ ಮೂಗಿಗೆ ಬಡಿಯುತ್ತದೆ. ಹತ್ತೊಂಬತ್ತು ದಾಟಿದರೆ ಆಕಾಶ. ಆ ಎರಡು ನಿಮಿಷ ನನಗೆ ಮಂಡಿ ನೋವಿಲ್ಲ, ವಯಸ್ಸಿಲ್ಲ, ಬಾಕಿ ಉಳಿದ ಕೆಲಸವಿಲ್ಲ. ಮೇಲೆ ನಿಂತು ಹೆಲ್ಮೆಟ್ ತೆಗೆದರೆ ಕೈ ನಡುಗುತ್ತಿರುತ್ತದೆ. ಆ ನಡುಕ ನನಗೆ ಬೇರೆ ಎಲ್ಲಿಯೂ ಸಿಕ್ಕಿಲ್ಲ ಮಗಳೇ. ನಾಚಿಕೆಯಿಲ್ಲದೆ ಹೇಳುತ್ತೇನೆ, ನೀನು ಹುಟ್ಟಿದ ದಿನ ಮಾತ್ರ ಸಿಕ್ಕಿತ್ತು.

ಮೊನ್ನೆ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮುದುಕಿಯ ಒಳಗೆ ಕೂತು, ಎರಡೂ ಕಣ್ಣು ಮುಚ್ಚಿಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಮನಸ್ಸಿನಲ್ಲೇ ಬೆಟ್ಟ ಹತ್ತಿದೆ. ಗೇರು ಹಾಕಿದೆ, ಸ್ಟೀರಿಂಗ್ ತಿರುಗಿಸಿದೆ. ಮೇಲೆ ಮುಟ್ಟಿ ಒತ್ತಿದರೆ ಎರಡು ನಿಮಿಷ ಆರು ಸೆಕೆಂಡ್. ನಿಜವಾಗಿ ಹೋದ ವರ್ಷ ಓಡಿದ್ದೂ ಅಷ್ಟೇ. ಕಣ್ಣು ಮುಚ್ಚಿಕೊಂಡೇ ಹತ್ತುವವನಿಗೆ ಒಂದು ಕಣ್ಣು ಇದ್ದರೆ ಲಾಭವೇ ಅಲ್ಲವೆ? ನಿನ್ನ ಬೋರ್ಡಿನ ಹಾಗೇ ಬೆಟ್ಟವೂ. ಇದ್ದಲ್ಲೇ ಇರುತ್ತದೆ.

ಅಮ್ಮನಿಗೆ ಹೇಳಬೇಡ. ಕ್ಲಬ್ಬಿನವರಿಗಂತೂ ಬೇಡವೇ ಬೇಡ.

ನಿನ್ನ ಅಪ್ಪ


ಏಪ್ರಿಲ್ 2

ಅಪ್ಪ,

ಇದರ ಜೊತೆ ಇನ್ನೊಂದು ಕಾಗದ ಇದೆ. ಕ್ಲಬ್ಬಿನ ಕಾರ್ಯದರ್ಶಿಗೆ ಬರೆದದ್ದು. ನಿನ್ನ ಎಡಗಣ್ಣಿನ ವಿಷಯ, ಆಸ್ಪತ್ರೆಯ ವರದಿಯ ತಾರೀಖು, ಬೋರ್ಡ್ ಬಾಯಿಪಾಠ ಆದದ್ದು, ಎಲ್ಲ ಬರೆದಿದ್ದೇನೆ. ಮೂರು ಸಲ ಅಂಚೆ ಡಬ್ಬಿಯ ತನಕ ಹೋದೆ. ಮೂರು ಸಲವೂ ಹಿಂದಕ್ಕೆ ಬಂದೆ. ನಿನ್ನನ್ನು ಹತ್ತು ಜನರ ಮುಂದೆ ಸುಳ್ಳುಗಾರ ಮಾಡಲು ನನ್ನ ಕೈಲಾಗಲಿಲ್ಲ. ಸುಮ್ಮನಿರಲೂ ಆಗುತ್ತಿಲ್ಲ.

ಲಕೋಟೆ ಅಂಟಿಸಿಲ್ಲ. ನೀನೇ ಓದು, ನೀನೇ ಕೊಂಡುಹೋಗಿ ಕೊಡು. ಇನ್ನೊಬ್ಬರು ಹೇಳುವುದಕ್ಕಿಂತ ನೀನೇ ಹೇಳಿದರೆ ಮರ್ಯಾದೆ ಉಳಿಯುತ್ತದೆ. ನೀನು ಕೊಡುತ್ತೀಯ ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ.

ನಿನ್ನ ಮಗಳು


ಏಪ್ರಿಲ್ 19

ಮಗಳೇ,

ಎರಡು ನಿಮಿಷ ನಾಲ್ಕು ಸೆಕೆಂಡ್. ನನ್ನ ಜನ್ಮದಲ್ಲೇ ಇಷ್ಟು ಬೇಗ ಹತ್ತಿದ್ದಿಲ್ಲ. ಬೇಕರಿಯವನ ಮುಖ ನೋಡಬೇಕಿತ್ತು ನೀನು. ಎದುರಿಗೇ ಬಂದು, "ಈ ವಯಸ್ಸಲ್ಲಿ ಏನ್ ತಿಂತೀರಿ ಸಾರ್, ನಂಗೂ ಹೇಳಿ" ಅಂದ. "ನಿನ್ನ ಬ್ರೆಡ್ ತಿನ್ನೋದು ಬಿಟ್ಟೆ, ಅಷ್ಟೇ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಿನ್ನ ಕಾಗದ ಕೊಡಲಿಲ್ಲ. ಸುಳ್ಳು ಹೇಳುವುದಿಲ್ಲ. ಹರಿದುಹಾಕಲೂ ಮನಸ್ಸು ಬರಲಿಲ್ಲ. ಲಕೋಟೆ ಸಮೇತ ಹನ್ನೊಂದು ಗ್ರಾಂ. ಕೂದಲ ಕ್ಲಿಪ್ಪನ್ನೂ ಇಳಿಸಿದ ಮನುಷ್ಯ ನಾನು, ಆ ಹನ್ನೊಂದು ಗ್ರಾಂ ಜೇಬಿನಲ್ಲಿಟ್ಟುಕೊಂಡೇ ಬೆಟ್ಟ ಹತ್ತಿದೆ. ನೀನು ಪಕ್ಕದಲ್ಲಿ ಕೂತು ಬೈಯುತ್ತಿದ್ದಂತೆಯೇ ಇತ್ತು.

ಹನ್ನೊಂದನೇ ತಿರುವಿನಲ್ಲಿ ಒಂದು ಸಣ್ಣ ತಮಾಷೆ ಆಯಿತು. ಹೋದ ನವೆಂಬರಿನ ಮಳೆಗೆ ಅಲ್ಲಿ ಮಣ್ಣು ಕುಸಿದಿದೆಯಂತೆ, ಅದಕ್ಕೆ ಬಾವುಟದವರ ಜಾಗ ಬದಲಾಯಿಸಿದ್ದಾರೆ. ಅಲ್ಲಿ ನಿಂತವರು ಡ್ರಾಯಿಂಗ್ ಮೇಷ್ಟ್ರು, ಪ್ರತಿ ವರ್ಷ ಪುಕ್ಕಟೆಯಾಗಿ ಬಂದು ಬಾವುಟ ಹಿಡಿಯುತ್ತಾರೆ, ಬಹಳ ಒಳ್ಳೆಯ ಮನುಷ್ಯ. ನನ್ನ ಬಾಯಿಪಾಠದಲ್ಲಿ ಅವರು ಅಲ್ಲಿರಲಿಲ್ಲ. ಮೇಷ್ಟ್ರು ಹಾರಿದರು, ನನ್ನ ಕನ್ನಡಿ ಅವರ ಬಾವುಟದ ಕಂಬಕ್ಕೆ ತಗುಲಿ ಹಾರಿಹೋಯಿತು. ಕನ್ನಡಿ ನಾನೂರ ಹತ್ತು ಗ್ರಾಂ. ಅಷ್ಟು ಭಾರ ಇಳಿದದ್ದಕ್ಕೇ ಟೈಮ್ ಚೆನ್ನಾಗಿ ಬಂತು ಎಂದು ಮೇಲೆ ಹೋಗಿ ಎಲ್ಲರಿಗೂ ಹೇಳಿದೆ.

ಮುಂದಿನ ರೇಸು ಅಕ್ಟೋಬರಿನಲ್ಲಿ.

ಅಪ್ಪ


ಮೇ 1

ಅಪ್ಪ,

ಮೇಷ್ಟ್ರು ಎಷ್ಟು ದೂರದಲ್ಲಿದ್ದರು? ಅದನ್ನು ನೀನು ಬರೆದಿಲ್ಲ.

ಎಡಗಡೆಯ ಕನ್ನಡಿ ಹೋದದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಆ ಕಡೆ ನಿನಗೆ ರಸ್ತೆಯೂ ಇಲ್ಲ, ಮನುಷ್ಯರೂ ಇಲ್ಲ, ಬರೀ ಬಾಯಿಪಾಠ. ಅವರಿಗೆ ಹೆಂಡತಿ ಮಕ್ಕಳಿದ್ದಾರೆಯೆ? ಎಷ್ಟು ಮಕ್ಕಳು? ಇದನ್ನು ತಮಾಷೆ ಎಂದು ಬರೆಯುವಾಗ ನಿನ್ನ ಕೈ ನಡುಗಲಿಲ್ಲವೆ?

ಇನ್ನೊಂದು ಮಾತು. ನಿನ್ನ ಅಕ್ಷರ ಯಾಕೆ ಇಷ್ಟು ದೊಡ್ಡದಾಗುತ್ತಿದೆ? ಮೊದಲೆಲ್ಲ ಎರಡು ಬಿಲ್ಲಿನ ಹಿಂದೆ ಮುಗಿಯುತ್ತಿದ್ದ ಕಾಗದ ಈ ಸಲ ಏಳು ಬಿಲ್ಲಿನಷ್ಟಾಗಿದೆ.

ನಿನ್ನ ಮಗಳು


ಮೇ 15

ಮಗಳೇ,

ಒಂದು ಗೇಣು.

ಮೂರು ಮಕ್ಕಳು. ಕೊನೆಯವಳು ಇನ್ನೂ ಶಾಲೆಗೆ ಹೋಗುತ್ತಾಳೆ. ಮಾರನೆಯ ದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಿ, ನಾನೇ ಸ್ವಲ್ಪ ಮುಂದೆ ಬಂದಿದ್ದೆ ಅನ್ಸುತ್ತೆ" ಎಂದರು. ಅವರು ಮುಂದೆ ಬಂದಿರಲಿಲ್ಲ.

ಪೆನ್ನು ಹೊಸದು, ನಿಬ್ಬು ದಪ್ಪ, ಅಕ್ಷರ ದೊಡ್ಡದಾಗುತ್ತದೆ. ನೀನು ಕಣ್ಣು ಪರೀಕ್ಷೆ ಮಾಡುವುದು ಬಿಟ್ಟು ಅಕ್ಷರ ಪರೀಕ್ಷೆ ಮಾಡಲು ಶುರುಮಾಡಿದೆಯಾ?

ಅಕ್ಟೋಬರಿನದು ಒಂದು ಓಡಿಬಿಡುತ್ತೇನೆ. ಆಮೇಲೆ ಸಾಕು. ಹೀಗೆ ಹಿಂದೆಯೂ ಹೇಳಿದ್ದೇನೆ ಎಂದು ನನಗೂ ನೆನಪಿದೆ.

ಅಪ್ಪ


ಆಗಸ್ಟ್ 22

ಮಾನ್ಯ ಡಾಕ್ಟರರಿಗೆ ನಮಸ್ಕಾರಗಳು.

ನಾನು ತಕ್ಕಡಿ ಅಂಗಡಿಯವರ ಮಗಳು. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ತಮ್ಮ ಕೋಣೆಯಲ್ಲಿರುವ ಅಂಕಿಗಳ ಬೋರ್ಡ್ ಬಹಳ ಹಳೆಯದಾಗಿ ಹಳದಿ ತಿರುಗಿದೆ ಎಂದು ಕೇಳಿದ್ದೇನೆ. ನಮ್ಮ ಅಂಗಡಿಯ ಕಡೆಯಿಂದ ಹೊಸದನ್ನು ಈ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಸ್ವೀಕರಿಸಬೇಕು.

ಇದರಲ್ಲಿ ಎರಡು ಹಾಳೆಗಳಿವೆ. ಮೊದಲನೆಯದು ಬಲಗಣ್ಣಿಗೆ. ಅದರ ಅಂಕಿಗಳು ತಮ್ಮ ಹಳೆಯ ಬೋರ್ಡಿನಲ್ಲಿ ಇದ್ದ ಹಾಗೆಯೇ ಇವೆ. ಅದು ಮುಗಿದ ಮೇಲೆ, ಪರೀಕ್ಷೆಗೆ ಕೂತವರ ಬಲಗಣ್ಣು ಮುಚ್ಚಿಸಿ, ಆಮೇಲೆ ಹಾಳೆ ಮಗುಚಬೇಕು. ಎರಡನೆಯದು ಎಡಗಣ್ಣಿಗೆ. ಅದರಲ್ಲಿ ಅಂಕಿಗಳ ಕ್ರಮ ಬೇರೆ. ಹಾಳೆ ಬದಲಾದದ್ದನ್ನು ಮುಂಚೆ ತಿಳಿಸುವ ಅಗತ್ಯವಿಲ್ಲ. ಹೀಗೆ ಮಾಡಿದರೆ ಫಲಿತಾಂಶ ಸರಿಯಾಗಿ ಬರುತ್ತದೆ.

ತಮ್ಮ ವಿಶ್ವಾಸಿ,
ಕಣ್ಣು ಪರೀಕ್ಷಕಿ


ಸೆಪ್ಟೆಂಬರ್ 14

ಮಗಳಿಗೆ,

ನೆನ್ನೆ ಸರ್ಟಿಫಿಕೇಟಿಗೆ ಹೋಗಿದ್ದೆ. ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಹರಟೆಗೆಂದು ಜೊತೆಗೆ ಬಂದಿದ್ದ ಬೇಕರಿಯವನು, ಸರ್ಟಿಫಿಕೇಟ್ ಒಯ್ಯಲು ಬಂದಿದ್ದ ಕ್ಲಬ್ಬಿನ ಕಾರ್ಯದರ್ಶಿ, ನಾನು, ಡಾಕ್ಟರು. ಬಾಗಿಲು ತೆರೆದೇ ಇತ್ತು, ಆಚೆ ಬೆಂಚಿನ ಮೇಲೆ ರೋಗಿಗಳು ಕಾಯುತ್ತಿದ್ದರು.

ಬಲಗಣ್ಣಿನದು ಸರಾಗವಾಗಿ ಒಪ್ಪಿಸಿದೆ. ಆಮೇಲೆ ಡಾಕ್ಟರು ಬಲಗಣ್ಣಿಗೆ ರಟ್ಟು ಹಿಡಿದುಕೊಳ್ಳಲು ಹೇಳಿದರು. ಹಾಳೆಯ ಸದ್ದು ಬಂತು. ಫ್ಯಾನಿನ ಗಾಳಿಗೆ ಇರಬೇಕು ಅಂದುಕೊಂಡೆ. ಮೇಲಿನಿಂದ ಕೆಳಗಿನ ತನಕ ಎಂಟು ಸಾಲು ಹೇಳಿದೆ. ಕೊನೆಯ ಸಾಲನ್ನು ನಿನ್ನ ಅಮ್ಮನ ರಾಗದಲ್ಲೇ ಹೇಳಿದೆ, ಹುರುಪಿನಲ್ಲಿ.

ಡಾಕ್ಟರು, "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ" ಎಂದರು. ನಾನು ಅದನ್ನೇ ಮತ್ತೆ ಹೇಳಿದೆ, ಇನ್ನೂ ಜೋರಾಗಿ. ಬೇಕರಿಯವನು ಮೊದಲು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿದ್ದ ಪಾಪ. ಆಮೇಲೆ ಅವನ ನಗುವೂ ನಿಂತಿತು.

"ನಿಮ್ಮ ಮಗಳೇ ಕಳಿಸಿದ ಬೋರ್ಡು ಸಾರ್. ನಿಮಗೆ ಗೊತ್ತಿರ್ಲಿಲ್ವಾ?" ಎಂದು ಡಾಕ್ಟರು ಕೇಳಿದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇಪ್ಪತ್ತಾರು ವರ್ಷ ಆ ಕ್ಲಬ್ಬಿನ ಪ್ರತಿಯೊಂದು ಕಾರನ್ನೂ ತೂಗಿದವನು ನಾನು. ನನ್ನ ತಕ್ಕಡಿ ಹೇಳಿದರೆ ಮುಗಿಯಿತು, ಎದುರು ಮಾತಿಲ್ಲ. ನೆನ್ನೆ ಕಾರ್ಯದರ್ಶಿ ನನ್ನ ಕಡೆ ನೋಡಿದ ನೋಟ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ.

ನೀನು ಜಾಣೆ. ಮೊದಲನೇ ಹಾಳೆ ಹಳೆಯದನ್ನೇ ಇಟ್ಟಿದ್ದೀಯ. ನಾನು ಮೈಮರೆಯಲಿ ಎಂದು. ಚೆನ್ನಾಗಿ ಕಲಿತಿದ್ದೀಯ ಕೆಲಸ.

ನೇರವಾಗಿ ಹೇಳಬಹುದಿತ್ತು. ಆ ಹನ್ನೊಂದು ಗ್ರಾಮಿನ ಕಾಗದವನ್ನೇ ಅಂಚೆಗೆ ಹಾಕಬಹುದಿತ್ತು.

ತಕ್ಕಡಿ ಅಂಗಡಿ


ಸೆಪ್ಟೆಂಬರ್ 28

ಅಪ್ಪ,

"ಅಪ್ಪ" ಎಂದು ಸಹಿ ಹಾಕದ ನಿನ್ನ ಮೊದಲನೇ ಕಾಗದ ಅದು. ಹತ್ತು ದಿನದಿಂದ ಕೈಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ನಾನು ಹೇಡಿ. ಒಪ್ಪಿಕೊಳ್ಳುತ್ತೇನೆ. ನನ್ನ ಬಾಯಿಂದ ಹೇಳಲು ಧೈರ್ಯವಾಗದೆ ಬೋರ್ಡಿನ ಕೈಲಿ ಹೇಳಿಸಿದೆ. ಆ ಎರಡನೇ ಹಾಳೆಯ ಅಂಕಿಗಳನ್ನು ಜೋಡಿಸುವಾಗ, ನಿನಗೆ ಗೊತ್ತಿರುವ ಒಂದು ಸಾಲೂ ಬರದ ಹಾಗೆ ಎಚ್ಚರಿಕೆಯಿಂದ ಜೋಡಿಸಿದೆ. ನಿನ್ನ ವಿರುದ್ಧ ಅಷ್ಟು ಎಚ್ಚರಿಕೆಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬಾಗಿಲು ತೆರೆದಿರುತ್ತದೆ, ಬೇಕರಿಯವರು ಅಲ್ಲಿರುತ್ತಾರೆ ಎಂದು ಮಾತ್ರ ನಾನು ಯೋಚಿಸಿರಲಿಲ್ಲ.

ಆದರೆ ಅಪ್ಪ, ಮಧ್ಯಾಹ್ನ ಊಟಕ್ಕೆ ಕೂತರೆ ಆ ಮೇಷ್ಟ್ರು ಕಣ್ಣ ಮುಂದೆ ಬರುತ್ತಿದ್ದರು. ನಾನು ನೋಡಿಯೇ ಇಲ್ಲದ ಮನುಷ್ಯ. ಒಂದು ಗೇಣು ಎಂದು ನೀನೇ ಬರೆದೆ. ಎಡಗಡೆ ನಿಂತ ಯಾರೋ ಒಬ್ಬರು ಸತ್ತ ಮೇಲೆ ನಿನ್ನ ಕೈಗೆ ಬರುವ ಕಾಗದವನ್ನು ನಾನು ಬರೆಯಲಾರೆ ಅನ್ನಿಸಿತು.

ಬೈದಾದರೂ ಬರಿ.

ನಿನ್ನ ಮಗಳು


ಅಕ್ಟೋಬರ್ 20

ಅಪ್ಪ,

ಮೊನ್ನೆ ಭಾನುವಾರ ರೇಸು ಇತ್ತಲ್ಲ. ಬೆಳಗ್ಗೆಯಿಂದ ಗಡಿಯಾರ ನೋಡುತ್ತಿದ್ದೆ. ಮನೆಗೆ ಫೋನ್ ಮಾಡಿದರೆ ಅಮ್ಮ, "ಅಂಗಡಿಗೆ ಹೋಗಿದ್ದಾರೆ" ಎಂದಳು. ರೇಸಿನ ದಿನ ಅವಳು ಯಾವಾಗಲೂ ಹೇಳುವ ಸುಳ್ಳು ಅದೇ ತಾನೆ. "ನಿಜವಾಗ್ಲೂ ಅಂಗಡೀಲೇ ಇದಾರೆ ಕಣೆ. ನಾನೇ ಹೋಗಿ ನೋಡ್ಕೊಂಡು ಬಂದೆ" ಎಂದಳು. ಆಮೇಲೆ ಏನೋ ಹೇಳಲು ಹೊರಟು, "ಊಟ ಆಯ್ತಾ?" ಎಂದು ಕೇಳಿ ಫೋನ್ ಇಟ್ಟಳು.

ನೀನು ಬದುಕಿದ್ದೀಯ ಎಂದು ಸಮಾಧಾನವಾಗಬೇಕು. ಆಗುತ್ತಿಲ್ಲ. ಒಂದು ಸಾಲಾದರೂ ಬರಿ ಅಪ್ಪ.

ನಿನ್ನ ಮಗಳು


ನವೆಂಬರ್ 6

ಮಗಳೇ,

ಒಂದು ಹಾಳೆಗೆ ನಾಲ್ಕೇ ಸಾಲು ಬರೆದಿದ್ದೇನೆಂದು ನಗಬೇಡ. ಒಂದು ಇಡೀ ಬಿಲ್ ಪುಸ್ತಕ ಮುಗಿಯುತ್ತದೆ, ಹೋಗಲಿ.

ನಿನ್ನ ಎರಡು ಕಾಗದವನ್ನೂ ಡ್ರಾಯಿಂಗ್ ಮೇಷ್ಟ್ರು ಓದಿ ಹೇಳಿದರು. ಹೌದು, ಅವರೇ. ಸೆಪ್ಟೆಂಬರಿನ ಆ ಸಂಗತಿ ಊರೆಲ್ಲ ಸುದ್ದಿಯಾದ ಮೇಲೆ ಅಂಗಡಿಗೆ ಬಂದವರು ಅವರೊಬ್ಬರೇ. ಅವರ ಬಗ್ಗೆ ನೀನು ಬರೆದದ್ದನ್ನೂ ಒಂದಕ್ಷರ ಬಿಡದೆ ಓದಿದರು. ನಾನು ನೆಲ ನೋಡುತ್ತಾ ಕೂತಿದ್ದೆ.

ರೇಸಿನ ದಿನ ಶೆಡ್ಡಿನಲ್ಲಿ ಮುದುಕಿಯೊಳಗೆ ಕೂತಿದ್ದೆ. ನಿನ್ನ ಅಮ್ಮ ಬಾಗಿಲ ತನಕ ಬಂದಳು. ನನ್ನನ್ನು ನೋಡಿ ವಾಪಸು ಹೋದಳು. ಆಮೇಲೆ ಕಣ್ಣು ಮುಚ್ಚಿ ಸ್ಟಾಪ್‌ವಾಚ್ ಒತ್ತಿ ಹೊರಟೆ. ಹತ್ತನೇ ತಿರುವಿನ ತನಕ ಚೆನ್ನಾಗಿ ಹೋಯಿತು. ಹನ್ನೊಂದರಲ್ಲಿ ಮೇಷ್ಟ್ರು ನಿಂತಿದ್ದರು. ಬ್ರೇಕ್ ಒತ್ತಿಬಿಟ್ಟೆ. ಮತ್ತೆ ಮೊದಲಿನಿಂದ ಹೊರಟೆ, ಮತ್ತೆ ಅಲ್ಲೇ ನಿಂತಿದ್ದರು. ಅವತ್ತಿನಿಂದ ದಿನಾ ಕೂರುತ್ತೇನೆ. ಹನ್ನೊಂದು ದಾಟಲು ಒಂದು ದಿನವೂ ಆಗಿಲ್ಲ. ನನ್ನ ಬೆಟ್ಟ ಅಲ್ಲಿಗೇ ಮುಗಿದುಹೋಗಿದೆ.

ಈಗ ನಿನಗೆ ಒಂದು ವಿಷಯ ಹೇಳಬೇಕು. ಮೇಷ್ಟ್ರು, "ಬರೀರಿ, ಇವತ್ತೇ ಬರೀರಿ, ನಾನು ಅಂಚೆಗೆ ಹಾಕ್ತೀನಿ" ಎಂದು ಎದುರಿಗೇ ಕೂತಿದ್ದಾರೆ.

ಎಡಗಡೆಯ ಕನ್ನಡಿ ಹೋಯಿತು ಎಂದು ನೀನು ಬರೆದೆ. ನಾನು ಯಾವ ಕಡೆಯದೆಂದು ಬರೆದಿರಲಿಲ್ಲ. ನೀನೇ ಅಂದುಕೊಂಡೆ, ನಾನೂ ತಿದ್ದಲಿಲ್ಲ. ಮೇಷ್ಟ್ರು ನಿಂತಿದ್ದು ಬಲಗಡೆ. ಹೋದದ್ದು ಬಲಗಡೆಯ ಕನ್ನಡಿ.

ಮಾರ್ಚ್ ಕೊನೆಗೇ ಶುರುವಾಗಿತ್ತು. ಮೊದಲು ಬಲಗಣ್ಣಿನ ನಡುವೆ ಒಂದು ಮಬ್ಬು, ಕನ್ನಡಕ ಒರೆಸಿದರೂ ಹೋಗದ ಮಬ್ಬು. ಆಸ್ಪತ್ರೆಯವರು ತಕ್ಷಣ ಬನ್ನಿ ಎಂದದ್ದು ನೆನಪಿತ್ತು. ನಿನಗೆ ಹೇಳಿದರೆ ಏಪ್ರಿಲ್ ರೇಸು ತಪ್ಪುತ್ತದೆ. ಒಂದು ರೇಸು ಮುಗಿಯಲಿ ಎಂದುಕೊಂಡೆ. ಅದು ಮುಗಿದ ಮೇಲೆ, ಅಕ್ಟೋಬರಿನದೂ ಮುಗಿಯಲಿ ಎಂದುಕೊಂಡೆ.

ಚರ್ಮದ ಡಾಕ್ಟರ ಕೋಣೆಯಲ್ಲಿ ನಾನು ಎಡಗಣ್ಣಿನ ಹಾಳೆಯಲ್ಲಿ ಸಿಕ್ಕಿಬಿದ್ದೆ. ಬಲಗಣ್ಣಿನ ಹಾಳೆಯನ್ನೂ ಬಾಯಿಪಾಠವೇ ಹೇಳಿದ್ದು ಮಗಳೇ. ಮೇಲಿನ ಎರಡು ಸಾಲು ಕಾಣುತ್ತಿದ್ದವು, ಉಳಿದ ಆರು ಸಾಲು ಎರಡು ವರ್ಷ ನೀನು ಹಜಾರದಲ್ಲಿ ಕೂರಿಸಿ ಕಲಿಸಿದ್ದು. ಡಾಕ್ಟರು "ಬಲಗಣ್ಣು ತುಂಬಾ ಚೆನ್ನಾಗಿದೆ" ಎಂದು ಬರೆದುಕೊಂಡರು. ನೀನು ಆ ಹಾಳೆಯನ್ನೂ ಬದಲಾಯಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಇದು ನಿನ್ನ ತಪ್ಪಲ್ಲ. ನಾನು ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತೇನೆ ಎಂದು ನಿನಗೆ ಹೇಗೆ ಗೊತ್ತಾಗಬೇಕು? ಬೋರ್ಡ್ ನಿನ್ನದೇ ಎಂದು ತಿಳಿದು ಕೋಪ ಬಂದಿತಲ್ಲ, ಆ ಕೋಪದಲ್ಲಿ ಇನ್ನೂ ಎರಡು ತಿಂಗಳು ಬಾಯಿ ಬಿಡಲಿಲ್ಲ.

ಹೋದ ವಾರ ದಿನಸಿ ಅಂಗಡಿಯವನ ತಕ್ಕಡಿ ರಿಪೇರಿ ಮಾಡಿ ಕೊಟ್ಟೆ. ಮಾರನೇ ದಿನ ವಾಪಸು ತಂದ. ಐವತ್ತು ಗ್ರಾಂ ತಪ್ಪು. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ತಪ್ಪು ತಕ್ಕಡಿ ಹೊರಗೆ ಹೋದದ್ದು ಅದೊಂದೇ. ಅವನು ಬೈಯಲಿಲ್ಲ. "ವಯಸ್ಸಾಯ್ತು ಬಿಡಿ" ಎಂದ. ಅಂಗಡಿಗೆ ಬಾಗಿಲು ಹಾಕಿದ್ದೇನೆ.

ನಿನ್ನ ಅಮ್ಮನಿಗೆ ನಾನು ಹೇಳಿಲ್ಲ. ಆದರೆ ಒಂದು ತಿಂಗಳಿಂದ ಊಟಕ್ಕೆ ಬಡಿಸುವಾಗ ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಹೇಳುತ್ತಾ ಬಡಿಸುತ್ತಿದ್ದಾಳೆ. "ಬಲಗಡೆ ಅನ್ನ, ಲೋಟ ಮುಂದೆ ಇಟ್ಟಿದೀನಿ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಮೂರು ವರ್ಷದ ಮೇಲೆ ಈಗ ನನ್ನ ಮುಖ ನೋಡುತ್ತಾಳೆ ಎಂದು ಕಾಣುತ್ತದೆ. ಅವಳ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಬೆಟ್ಟದ ಮೇಲೆ ಒಂದು ದಿನವೂ ಆಗದ ಹೆದರಿಕೆ. ನೀನು ಬಾ. ಇದು ಎಷ್ಟು ಹೋಗಿದೆ, ಎಷ್ಟು ಉಳಿದಿದೆ, ನೀನೇ ನೋಡಿ ಹೇಳು. ಬೇರೆಯವರು ಹೇಳುವುದು ಬೇಡ. ಅಡುಗೆಮನೆಯ ಬಾಗಿಲು ಹಾಗೇ ಇದೆ, ಹಜಾರದ ಕುರ್ಚಿಯೂ ಇದೆ.

ಬರುವಾಗ ಒಂದು ಬೋರ್ಡ್ ತಾ. ನಾನು ಯಾವತ್ತೂ ನೋಡಿರದ್ದು. ಬಸ್ಸಿಳಿದ ಮೇಲೂ ಅದರ ಒಂದು ಅಂಕಿಯನ್ನೂ ನನಗೆ ಹೇಳಬೇಡ. ಈ ಸಲ ಕಂಡಷ್ಟನ್ನೇ ಓದುತ್ತೇನೆ.

ನಿನ್ನ
ಅಪ್ಪ